ಚಿನ್ನದ ತಟ್ಟೆಯಲ್ಲಿ ಒಂದು ಕನ್ನಡ ಮಾತು

ಈ ಸಲ ನಾವು ವಿಮರ್ಶೆಗೆ ಎತ್ತಿಕೊಂಡಿರುವುದು ಒಂದು ಸಂಕಲನ. ಕತೆಗಳದ್ದಲ್ಲ, ಕವಿತೆಗಳದ್ದೂ ಅಲ್ಲ. ಇದಕ್ಕೆ ಪುಟಗಳಿಲ್ಲ, ರಕ್ಷಾಪುಟದ ಹಿಂದೆ ಬೆಲೆ ಮುದ್ರಿಸಿಲ್ಲ. ಮುನ್ನುಡಿಯಂಥ ಸಂದೇಶವೊಂದನ್ನು ಮಾತ್ರ ಅಮೆರಿಕದ ಅಂದಿನ ಅಧ್ಯಕ್ಷ ಜಿಮ್ಮಿ ಕಾರ್ಟರ್ ಬರೆದುಕೊಟ್ಟಿದ್ದಾರೆ. ಇದರ ಎರಡು ಪ್ರತಿಗಳು ವಾಯೇಜರ್ ಎಂಬ ಹೆಸರಿನ ಎರಡು ನೌಕೆಗಳ ಮೈಗೆ ಅಂಟಿಕೊಂಡು, ೧೯೭೭ರ ಆಗಸ್ಟ್ ೨೦ರಂದು ಒಂದು, ಸೆಪ್ಟೆಂಬರ್ ೫ರಂದು ಇನ್ನೊಂದು, ಭೂಮಿಯನ್ನು ಬಿಟ್ಟು ಹೊರಟುಹೋದವು. ಮರಳಿ ಬರುವ ಏರ್ಪಾಡು ಇಲ್ಲ.

ಹನ್ನೆರಡು ಅಂಗುಲದ ತಾಮ್ರದ ತಟ್ಟೆ. ಅದಕ್ಕೆ ಚಿನ್ನದ ಲೇಪ. ಹಳೆಯ ಗ್ರಾಮಫೋನ್ ತಟ್ಟೆಯನ್ನು ಕಂಡವರಿಗೆ ಅದರ ರೂಪವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಇದು ನಿಮಿಷಕ್ಕೆ ಹದಿನಾರು ಚಿಲ್ಲರೆ ಸುತ್ತು ಮಾತ್ರ ತಿರುಗಬೇಕಾದದ್ದು. ನುಡಿಸಲು ಬೇಕಾದ ಮುಳ್ಳನ್ನೂ ಜೊತೆಗೇ ಇಟ್ಟಿದ್ದಾರೆ; ಹೇಗೆ ನುಡಿಸಬೇಕೆಂಬುದನ್ನು ಅಕ್ಷರಗಳ ಸಹಾಯವಿಲ್ಲದೆ, ಹೊದಿಕೆಯ ಮೇಲೆ ಗೆರೆಗಳಲ್ಲಿ ಕೊರೆದಿದ್ದಾರೆ. ಒಳಗೆ ೧೧೫ ಚಿತ್ರಗಳು, ಮಳೆ ಗುಡುಗು ಕಪ್ಪೆ ಜೀರುಂಡೆ ರೈಲುಗಾಡಿಗಳ ಸದ್ದುಗಳು, ಸುಮಾರು ತೊಂಬತ್ತು ನಿಮಿಷದ ಇಪ್ಪತ್ತೇಳು ಸಂಗೀತ ಕೃತಿಗಳು, ಮತ್ತು ೫೫ ಭಾಷೆಗಳಲ್ಲಿ ವಂದನೆ. ಆ ಐವತ್ತೈದರಲ್ಲಿ ಕನ್ನಡವೂ ಒಂದು. ಕನ್ನಡದ ಪತ್ರಿಕೆಯೊಂದು ಈ ಸಂಕಲನವನ್ನು ಕೈಗೆತ್ತಿಕೊಳ್ಳಲು ಇಷ್ಟು ಕಾರಣ ಸಾಕು.

ಸಂಪಾದಕ ಮಂಡಲಿಯ ಮುಖ್ಯಸ್ಥರು ಖಗೋಲ ವಿಜ್ಞಾನಿ ಕಾರ್ಲ್ ಸೇಗನ್. ಆನ್ ಡ್ರುಯಾನ್, ಟಿಮೊಥಿ ಫೆರಿಸ್, ಫ್ರಾಂಕ್ ಡ್ರೇಕ್, ಜಾನ್ ಲಾಮ್‌ಬರ್ಗ್, ಲಿಂಡಾ ಸಾಲ್ಜ್‌ಮನ್ ಸೇಗನ್ ಅವರ ಸಹಾಯಕರು. ಕಾಲಾವಕಾಶ ಕೆಲವು ತಿಂಗಳು ಮಾತ್ರ. ನಮ್ಮಲ್ಲಿ ಒಂದು ಸ್ಮರಣ ಸಂಚಿಕೆ ಹೊರತರಲು ಎಷ್ಟು ಓಡಾಟ, ಎಷ್ಟು ಮನಸ್ತಾಪ ಎಂಬುದನ್ನು ಬಲ್ಲವರು, ಇಡೀ ಮನುಕುಲದ ಸ್ಮರಣ ಸಂಚಿಕೆಯನ್ನು ಅಷ್ಟರೊಳಗೆ ಮುಗಿಸಿದ್ದಕ್ಕೆ ಮೊದಲು ಮೆಚ್ಚುಗೆಯನ್ನೇ ಹೇಳಬೇಕು. ಆದರೆ ಮೆಚ್ಚುಗೆಯಲ್ಲೇ ಮುಗಿದರೆ ಅದು ವಿಮರ್ಶೆಯಾಗದು.

ಮೊದಲು ವಂದನೆಗಳ ಭಾಗವನ್ನು ನೋಡೋಣ. ಧ್ವನಿಮುದ್ರಣ ನಡೆದದ್ದು ಕಾರ್ನೆಲ್ ವಿಶ್ವವಿದ್ಯಾನಿಲಯವಿರುವ ಇಥಾಕಾ ಎಂಬ ಸಣ್ಣ ಊರಿನಲ್ಲಿ. ಮಾತನಾಡಿದವರು ರಾಯಭಾರಿಗಳಲ್ಲ, ಸಾಹಿತಿಗಳಲ್ಲ. ವಿಶ್ವವಿದ್ಯಾನಿಲಯದ ಸುತ್ತಮುತ್ತ ಇದ್ದ ಸಾಮಾನ್ಯ ಜನ. ಅವರಿಗೆ ಕೊಟ್ಟ ಸೂಚನೆ ಇಷ್ಟೇ: ಬೇರೆ ಲೋಕದಲ್ಲಿ ಇರಬಹುದಾದ ಜೀವಿಗಳಿಗೆ ಒಂದು ವಂದನೆ ಹೇಳಿ, ಚಿಕ್ಕದಾಗಿ ಹೇಳಿ. ಏನು ಹೇಳಬೇಕೆಂಬುದು ಅವರವರಿಗೇ ಬಿಟ್ಟದ್ದು. ಹೀಗಾಗಿ ಈ ಭಾಗ ಸಂಕಲನದಲ್ಲೇ ಅತ್ಯಂತ ಜೀವಂತವಾದ ಭಾಗವಾಗಿದೆ. ಸಿದ್ಧತೆಯಿಲ್ಲದೆ ಬಾಯಿ ತೆರೆದಾಗ ಮನುಷ್ಯ ತನ್ನ ಸ್ವಭಾವವನ್ನು ಬಿಟ್ಟುಕೊಡುತ್ತಾನೆ.

ತುರ್ಕಿ ಭಾಷೆಯವರು ತುರ್ಕಿ ಬಲ್ಲ ಗೆಳೆಯರನ್ನೇ ಉದ್ದೇಶಿಸಿ ಶುಭೋದಯ ಕೋರುತ್ತಾರೆ. ನಕ್ಷತ್ರಲೋಕದಲ್ಲೂ ತಮ್ಮ ಭಾಷೆ ನಡೆಯುತ್ತದೆಂಬ ಭರವಸೆ ಅವರದು! ಸ್ವೀಡನ್ನಿನವರು ಇಥಾಕಾದಲ್ಲಿರುವ ಒಬ್ಬ ಕಂಪ್ಯೂಟರ್ ಕೆಲಸಗಾರನ ವಂದನೆ ಎಂದು ತಮ್ಮ ಉದ್ಯೋಗವನ್ನೇ ಹೇಳಿಕೊಳ್ಳುತ್ತಾರೆ. ಗುಜರಾತಿಯವರು ವಂದನೆಯ ಜೊತೆಗೇ ಸಂಪರ್ಕಿಸಿ ಎಂದು ಸೇರಿಸುತ್ತಾರೆ; ಮುಂಬಯಿಯಲ್ಲಿ ಬಾಳಿದವರಿಗೆ ಇದು ಆಶ್ಚರ್ಯವೆನಿಸದು. ಮರಾಠಿ, ಹಿಂದಿಯವರು ಇಡೀ ಭೂಲೋಕದ ಜನರ ಹೆಸರಿನಲ್ಲಿ ಮಾತನಾಡುತ್ತಾರೆ. ಒಡಿಯಾದವರು ಸೂರ್ಯನೆಂಬ ನಕ್ಷತ್ರದ ಮೂರನೆಯ ಗ್ರಹ ಎಂದು ವಿಳಾಸವನ್ನೂ ಕೊಡುತ್ತಾರೆ. ಬಂಗಾಳಿಯವರು ಎಲ್ಲೆಲ್ಲೂ ಶಾಂತಿ ನೆಲೆಸಲಿ ಎನ್ನುತ್ತಾರೆ. ರಾಜಸ್ಥಾನಿಯವರು ನಾವಿಲ್ಲಿ ಸುಖವಾಗಿದ್ದೇವೆ, ನೀವಲ್ಲಿ ಸುಖವಾಗಿರಿ ಎಂಬರ್ಥದ ಮಾತನ್ನು ಆಡುತ್ತಾರೆ.

ಇವೆಲ್ಲದರ ನಡುವೆ ಕನ್ನಡದ ದನಿ. ಮೊದಲಿಗೆ ‘ನಮಸ್ತೆ’, ಆಮೇಲೆ ಕನ್ನಡಿಗರ ಪರವಾಗಿ ಶುಭಾಶಯ. ಅಷ್ಟೇ. ಇದರ ಗುಣದೋಷಗಳನ್ನು ನಿಷ್ಪಕ್ಷಪಾತವಾಗಿ ಹೇಳಬೇಕಾದರೆ, ‘ನಮಸ್ಕಾರ’ ಎನ್ನಬಹುದಿತ್ತಲ್ಲ ಎಂದು ಕಿವಿ ಮೊದಲು ತಕರಾರು ತೆಗೆಯುತ್ತದೆ. ಎರಡನೆಯದಾಗಿ, ‘ಶುಭಾಶಯ’ ಎಂಬುದು ಬಾಯಿಮಾತಿಗಿಂತ ಅಂಚೆಯ ಕಾರ್ಡಿಗೆ ಹೆಚ್ಚು ಒಪ್ಪುವ ಪದ. ನಮ್ಮ ಹಳ್ಳಿಯ ಅಜ್ಜಿಯೊಬ್ಬಳನ್ನು ಆ ಯಂತ್ರದ ಮುಂದೆ ಕೂರಿಸಿದ್ದರೆ ಆಕೆ ಕೇಳುತ್ತಿದ್ದುದು ‘ಊಟ ಆಯಿತೇ?’ ಎಂದೇ. ವಿಚಿತ್ರವೆಂದರೆ ಆ ಪ್ರಶ್ನೆಯೂ ತಟ್ಟೆಯಲ್ಲಿದೆ. ಆದರೆ ಚೀನಾದ ತೆಂಕಣ ಕರಾವಳಿಯ ಆಮಾಯ್ ಎಂಬ ಆಡುನುಡಿಯಲ್ಲಿ. ಆ ನುಡಿಯವರು ಬಾನಿನ ಗೆಳೆಯರ ಯೋಗಕ್ಷೇಮ ಕೇಳಿ, ಊಟವಾಯಿತೇ ಎಂದು ವಿಚಾರಿಸಿ, ಬಿಡುವಿದ್ದಾಗ ನಮ್ಮ ಕಡೆ ಬನ್ನಿ ಎಂದು ಕರೆದಿದ್ದಾರೆ. ಐವತ್ತೈದರಲ್ಲಿ ನಮಗೆ ಅತ್ಯಂತ ಕನ್ನಡವಾಗಿ ಕೇಳಿಸುವ ಮಾತು ಅದೇ!

ಆದರೆ ‘ಪರವಾಗಿ’ ಎಂಬ ಆ ಒಂದು ಪದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಉಳಿದ ಅನೇಕರು ಭೂಮಿಯ ಪರವಾಗಿ, ಮಾನವರ ಪರವಾಗಿ ಮಾತನಾಡಿದಾಗ ನಮ್ಮವರು ಕನ್ನಡಿಗರ ಪರವಾಗಿ ಮಾತ್ರ ಏಕೆ ಮಾತನಾಡಿದರು? ತೆಲುಗಿನವರೂ ಹಾಗೆಯೇ ತೆಲುಗು ನುಡಿಯುವವರ ಶುಭಾಶಯವನ್ನು ತಿಳಿಸಿದ್ದಾರೆ. ಇದು ಸಂಕುಚಿತ ದೃಷ್ಟಿಯೆಂದು ಹೇಳುವವರು ಇರಬಹುದು. ಕೋಟ್ಯಂತರ ನಕ್ಷತ್ರಗಳ ಎದುರಿನಲ್ಲಿ ನಿಂತು ತನ್ನ ಭಾಷೆಯ ಜನರ ಹೆಸರು ಹೇಳುವುದು, ವಿಧಾನಸೌಧದ ಮೆಟ್ಟಿಲ ಮೇಲೆ ನಿಂತು ತನ್ನ ಓಣಿಯ ಹೆಸರು ಹೇಳಿದಂತೆ ಎಂದು ಅವರ ವಾದ.

ನಮ್ಮ ಅಭಿಪ್ರಾಯ ಬೇರೆ. ‘ಪರವಾಗಿ’ ಎಂಬುದು ಸಭೆಯ ಮಾತು. ಮಾಟುಂಗದಲ್ಲಾಗಲಿ, ಮಾಹಿಮದಲ್ಲಾಗಲಿ, ಡೊಂಬಿವಲಿಯಲ್ಲಾಗಲಿ, ಸಂಘದ ಪರವಾಗಿ ವಂದನಾರ್ಪಣೆ ಮಾಡಿದವರಿಗೆಲ್ಲ ಈ ಪದದ ಒಳಗುಟ್ಟು ಗೊತ್ತು. ಊರಿನಲ್ಲಿದ್ದಾಗ ನಾವು ಯಾರ ಪರವಾಗಿಯೂ ಮಾತನಾಡುವುದಿಲ್ಲ. ಅಲ್ಲಿ ನಾವು ಕುಂದಾಪುರದವರು, ವಿಜಾಪುರದವರು, ಇಂಥವರ ಮಗ, ಇಂಥವರ ಸೊಸೆ. ಊರು ಬಿಟ್ಟು ಹೊರಗೆ ಬಂದು, ಪಕ್ಕದ ಮನೆಯವರಿಗೆ ನಮ್ಮ ಭಾಷೆ ತಿಳಿಯದೆಂದು ಗೊತ್ತಾದ ದಿನ ನಾವು ಕನ್ನಡಿಗರಾಗುತ್ತೇವೆ. ಆ ತಟ್ಟೆಯ ಕನ್ನಡ ಧ್ವನಿ ಕೂಡ ಧಾರವಾಡದಲ್ಲೋ ಮೈಸೂರಿನಲ್ಲೋ ಮುದ್ರಿತವಾದದ್ದಲ್ಲ, ಸಾವಿರಾರು ಮೈಲಿಯಾಚೆ ಪರಸ್ಥಳದಲ್ಲಿ ಮುದ್ರಿತವಾದದ್ದು ಎಂಬುದನ್ನು ನೆನೆದರೆ ‘ಪರವಾಗಿ’ ಎಂಬ ಪದದಲ್ಲಿ ಸಂಕುಚಿತತೆಯಲ್ಲ, ಪ್ರಾಮಾಣಿಕತೆ ಕಾಣುತ್ತದೆ. ಇಡೀ ಭೂಮಿಯ ಪರವಾಗಿ ಮಾತನಾಡುವ ಅಧಿಕಾರವನ್ನು ಯಾರು ಯಾರಿಗೆ ಕೊಟ್ಟಿದ್ದರು?

ಈ ಪ್ರಶ್ನೆ ವೃಥಾ ಕೇಳಿದ್ದಲ್ಲ. ಮಾನವಕುಲದ ಪರವಾಗಿ ಈ ತಟ್ಟೆಯ ಆರಂಭದಲ್ಲೇ ಮಾತನಾಡುವವರು ಅಂದಿನ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಕುರ್ಟ್ ವಾಲ್ಡ್‌ಹೈಮ್. ಶಾಂತಿ, ಸ್ನೇಹಗಳನ್ನಷ್ಟೇ ಅರಸಿ ಹೊರಟಿದ್ದೇವೆ ಎಂಬುದು ಅವರ ಮಾತಿನ ತಾತ್ಪರ್ಯ. ಎರಡನೆಯ ಮಹಾಯುದ್ಧದಲ್ಲಿ ಹಿಟ್ಲರನ ಸೈನ್ಯದಲ್ಲಿ ತಾವು ಮಾಡಿದ ಸೇವೆಯ ಮುಖ್ಯ ಭಾಗವನ್ನು ಅವರು ಮುಚ್ಚಿಟ್ಟಿದ್ದರೆಂಬುದು ೧೯೮೬ರಲ್ಲಿ ಬಯಲಾಯಿತು. ಅಷ್ಟರಲ್ಲಿ ತಟ್ಟೆ ಶನಿಗ್ರಹವನ್ನೂ ದಾಟಿ ಹೋಗಿತ್ತು, ತಿದ್ದುಪಡಿಗೆ ಅವಕಾಶವಿರಲಿಲ್ಲ. ಎಲ್ಲರ ಹೆಸರಿನಲ್ಲಿ ಆಡುವ ದೊಡ್ಡ ಮಾತಿಗಿಂತ ತನ್ನವರ ಹೆಸರಿನಲ್ಲಿ ಆಡುವ ಸಣ್ಣ ಮಾತು ಹೆಚ್ಚು ಕಾಲ ಬಾಳುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಆದರೂ ಕನ್ನಡ ಸೇರಿತೆಂದು ನಾವು ಬೀಗಬೇಕಾಗಿಲ್ಲ. ತಮಿಳು ಆ ಪಟ್ಟಿಯಲ್ಲಿಲ್ಲ, ಮಲಯಾಳವಿಲ್ಲ. ನಮ್ಮ ಓದುಗರಲ್ಲಿ ಎಷ್ಟೋ ಮಂದಿಯ ಮನೆಮಾತಾದ ತುಳುವಿಲ್ಲ, ಕೊಂಕಣಿಯಿಲ್ಲ. ಇದ್ದದ್ದಕ್ಕೂ ಇಲ್ಲದ್ದಕ್ಕೂ ಕಾರಣ ಭಾಷೆಯ ಹಿರಿಮೆ ಕಿರಿಮೆಯಲ್ಲ. ಆ ದಿನ ಆ ಊರಿನಲ್ಲಿ ಯಾರು ಸಿಕ್ಕಿದರೆಂಬ ಆಕಸ್ಮಿಕ ಅದರಲ್ಲಿ ಬಲು ದೊಡ್ಡ ಪಾಲು ಪಡೆದಿದೆ. ವಿಶ್ವದಲ್ಲಿ ನಮ್ಮ ಸ್ಥಾನವೇನೆಂದು ಕೇಳುವವರು ಈ ಆಕಸ್ಮಿಕದ ಪಾಲನ್ನು ಮರೆಯಬಾರದು.

ಇನ್ನು ಸಂಗೀತದ ಭಾಗ. ಇದರ ಮೇಲೆ ನಮ್ಮ ಆಕ್ಷೇಪ ಸ್ಪಷ್ಟವಾಗಿದೆ. ಇಪ್ಪತ್ತೇಳು ಕೃತಿಗಳಲ್ಲಿ ಬಾಖ್ ಒಬ್ಬರದೇ ಮೂರು, ಬೀಥೊವನ್ನರದು ಎರಡು; ಇಡೀ ಭಾರತಕ್ಕೆ ಒಂದು. ಕರ್ನಾಟಕ ಸಂಗೀತಕ್ಕೆ ಪ್ರವೇಶವೇ ಇಲ್ಲ. ಸಂಪಾದಕರು ಹಲವು ದೇಶಗಳ ಜನಪದ ಸಂಗೀತವನ್ನು ಸೇರಿಸಿ ಸಮತೋಲಕ್ಕೆ ಯತ್ನಿಸಿದ್ದಾರೆ ಎಂಬುದು ನಿಜ; ಆದರೆ ತಕ್ಕಡಿಯ ಮುಳ್ಳು ಯುರೋಪಿನ ಕಡೆಗೇ ವಾಲಿದೆ.

ಆಕ್ಷೇಪ ಹೇಳಿದ ಮೇಲೆ, ಆರಿಸಿದ ಆ ಒಂದು ಕೃತಿಯ ಬಗ್ಗೆ ಹೇಳಲೇಬೇಕು. ಅದು ಸುರಶ್ರೀ ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿ, ಮೂರೂವರೆ ನಿಮಿಷದ್ದು. ಜನಾಂಗ ಸಂಗೀತದ ವಿದ್ವಾಂಸ ರಾಬರ್ಟ್ ಬ್ರೌನ್ ಇದನ್ನು ಸೂಚಿಸಿದರು. ಗೋವೆಯ ಕೇರಿ ಗ್ರಾಮದಲ್ಲಿ ೧೮೯೨ರಲ್ಲಿ ಹುಟ್ಟಿದ ಕೇಸರಬಾಯಿ ಬಾಳಿ ಬೆಳಗಿದ್ದು ಮುಂಬಯಿಯಲ್ಲಿ. ಅವರ ಗುರು ಅಲ್ಲಾದಿಯಾ ಖಾನ್ ಸಾಹೇಬರೂ ಇದೇ ನಗರದಲ್ಲಿ ೧೯೪೬ರಲ್ಲಿ ಕಣ್ಮುಚ್ಚಿದರು. ಆ ಖಾನ್ ಸಾಹೇಬರ ಮಕ್ಕಳಾದ ಮಂಜೀ ಖಾನ್, ಭುರ್ಜೀ ಖಾನರಲ್ಲಿ ಕಲಿತವರೇ ನಮ್ಮ ಮಲ್ಲಿಕಾರ್ಜುನ ಮನ್ಸೂರರು. ಮನ್ಸೂರರ ಗಾಯನ ಕೇಳಿ ತಲೆದೂಗಿದ ಕನ್ನಡಿಗರಿಗೆ ಆ ತಟ್ಟೆಯ ಭೈರವಿ ಪರಕೀಯವೆನಿಸದು. ಅದೇ ಜೈಪುರ ಅತ್ರೌಲಿ ಮನೆತನದ ಉಸಿರು, ಲಯದ ಮೇಲೆ ಅದೇ ಹಿಡಿತ.

‘ಜಾತ್ ಕಹಾಂ ಹೋ’ ಎಂಬುದು ಆ ಬಂದಿಶಿನ ಹೆಸರು. ಎಲ್ಲಿಗೆ ಹೊರಟೆ ಎಂದು ಅರ್ಥ. ತಾನು ಎಲ್ಲಿಗೆ ಸೇರುತ್ತೇನೆಂದು ಅರಿಯದ ನೌಕೆಯೊಂದಕ್ಕೆ ಈ ಪ್ರಶ್ನೆಯನ್ನು ಕಟ್ಟಿ ಕಳಿಸಿದ್ದಾರೆ. ಸಂಪಾದಕರು ಇದನ್ನು ಇಪ್ಪತ್ತೈದನೆಯದಾಗಿ, ಕೊನೆಯಿಂದ ಮೂರನೆಯದಾಗಿ ಇಟ್ಟಿದ್ದಾರೆ. ಕಛೇರಿಯ ಕೊನೆಗೆ ಭೈರವಿ ಹಾಡುವ ನಮ್ಮ ಪದ್ಧತಿಯ ದೃಷ್ಟಿಯಿಂದ ಈ ಸ್ಥಾನ ಉಚಿತವಾಗಿಯೇ ಇದೆ. ವಾಯೇಜರ್ ೧ ಹೊರಟ ಹನ್ನೊಂದನೆಯ ದಿನ, ೧೯೭೭ರ ಸೆಪ್ಟೆಂಬರ್ ೧೬ರಂದು, ಕೇಸರಬಾಯಿ ಮುಂಬಯಿಯಲ್ಲಿ ತೀರಿಕೊಂಡರು.

ಸಂಕಲನದ ದೊಡ್ಡ ದೋಷವೆಂದು ಬಹು ಮಂದಿ ತೋರಿಸುವುದು ಇನ್ನೊಂದನ್ನು. ಯುದ್ಧ, ಹಸಿವು, ರೋಗ, ಬಡತನ, ಇವು ಯಾವುದರ ಚಿತ್ರವೂ ಬೇಡವೆಂದು ಸಂಪಾದಕರು ತೀರ್ಮಾನಿಸಿದರು. ತಾಜಮಹಲಿದೆ, ಜೋಪಡಿಪಟ್ಟಿಯಿಲ್ಲ. ಮಗುವಿಗೆ ಹಾಲೂಡುವ ತಾಯಿಯಿದ್ದಾಳೆ, ಹಿರೋಷಿಮಾ ಇಲ್ಲ. ಇದು ಸತ್ಯವನ್ನು ಮರೆಮಾಚಿದಂತಲ್ಲವೇ? ವಿಮರ್ಶಕನಾಗಿ ನೋಡಿದರೆ ಹೌದು. ನೆರಳನ್ನೆಲ್ಲ ಅಳಿಸಿದ ಚಿತ್ರದಲ್ಲಿ ಬೆಳಕಿಗೂ ಬೆಲೆಯಿರದು.

ಆದರೆ ಇದಕ್ಕೊಂದು ಸಮಾಧಾನವನ್ನು ನಮ್ಮ ಹಿರಿಯರ ಕಾಗದಗಳೇ ಹೇಳುತ್ತವೆ. ಖಾನಾವಳಿಯಲ್ಲಿ ಉಂಡು, ಹೊಟೇಲಿನ ಮಾಳಿಗೆಯಲ್ಲಿ ಮಲಗಿ, ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಕಲಿತ ಆ ತಲೆಮಾರಿನವರು ಊರಿಗೆ ಬರೆದ ಕಾಗದಗಳ ಮೊದಲ ಸಾಲು ಒಂದೇ: ಇಲ್ಲಿ ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ. ಜ್ವರ ಬಂದದ್ದು, ಸಂಬಳ ತಡವಾದದ್ದು, ಅತ್ತದ್ದು ಅದರಲ್ಲಿ ಇರಲಿಲ್ಲ. ಅದನ್ನು ಸುಳ್ಳೆಂದು ಯಾವ ತಾಯಿಯೂ ಕರೆಯಲಿಲ್ಲ. ದೂರದವರಿಗೆ ಬರೆಯುವಾಗ ಮನುಷ್ಯ ತಾನಿರುವುದನ್ನಷ್ಟೇ ಅಲ್ಲ, ತಾನು ಆಗಬಯಸುವುದನ್ನೂ ಬರೆಯುತ್ತಾನೆ. ರಾಜಸ್ಥಾನಿಯವರ ಆ ವಂದನೆ ಇದೇ ಕ್ಷೇಮಪತ್ರದ ಮಾತಲ್ಲವೇ? ಇಡೀ ತಟ್ಟೆಯನ್ನು ಒಂದು ಕ್ಷೇಮಪತ್ರವೆಂದು ಓದಿದರೆ ಅದರ ದೋಷ ಮಾಯವಾಗುವುದಿಲ್ಲ, ಅರ್ಥವಾಗುತ್ತದೆ.

ಈ ಕಾಗದ ಯಾರ ಕೈ ಸೇರುತ್ತದೆ? ಲೆಕ್ಕವನ್ನು ನೋಡೋಣ. ವಾಯೇಜರ್ ೧ ಸೆಕೆಂಡಿಗೆ ಸುಮಾರು ೧೭ ಕಿಲೋಮೀಟರ್ ವೇಗದಲ್ಲಿ ಓಡುತ್ತಿದೆ. ಮುಂಬಯಿಯಿಂದ ಬೆಂಗಳೂರಿಗಿರುವ ದೂರವನ್ನು ಅದು ಸುಮಾರು ಒಂದು ನಿಮಿಷದಲ್ಲಿ ಮುಗಿಸೀತು. ನಮ್ಮ ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಅದಕ್ಕೆ ಹೆಚ್ಚು ಕಡಿಮೆ ಒಂದು ದಿನ ಬೇಕು. ಆ ವೇಗದಲ್ಲಿ ಹೋದರೂ ಇನ್ನೊಂದು ನಕ್ಷತ್ರದ ಆಸುಪಾಸು ಸುಳಿಯಲು ಅದಕ್ಕೆ ಸುಮಾರು ೪೦,೦೦೦ ವರ್ಷ ಹಿಡಿಯುತ್ತದೆ. ಆಗಲೂ ನಡುವೆ ಒಂದೂವರೆ ಬೆಳಕಿನ ವರ್ಷಕ್ಕಿಂತ ಹೆಚ್ಚಿನ ಅಂತರವಿರುತ್ತದೆ. ೨೦೧೨ರ ಆಗಸ್ಟಿನಲ್ಲಿ ಅದು ಸೂರ್ಯನ ಗಾಳಿಯ ಎಲ್ಲೆಯನ್ನು ದಾಟಿತು. ೨೦೨೫ರಲ್ಲಿ ಅದು ೨,೫೦೦ ಕೋಟಿ ಕಿಲೋಮೀಟರಿಗೂ ಆಚೆಗಿತ್ತು; ಅದರ ಕ್ಷೀಣ ರೇಡಿಯೋ ದನಿ ನಮ್ಮನ್ನು ತಲಪಲು ಬೆಳಕಿನ ವೇಗದಲ್ಲೂ ಇಪ್ಪತ್ತಮೂರು ಗಂಟೆಗೆ ಮೀರಿ ಬೇಕಾಗಿತ್ತು. ತಟ್ಟೆ ಮಾತ್ರ ನೂರು ಕೋಟಿ ವರ್ಷ ಬಾಳಬಹುದೆಂದು ತಯಾರಿಸಿದವರ ಅಂದಾಜು. ಹಾಗಾದರೆ ಈ ಸಂಕಲನದ ನಿಜವಾದ ಓದುಗರು ಯಾರೋ ನಕ್ಷತ್ರವಾಸಿಗಳಲ್ಲ; ಅದನ್ನು ಕಳಿಸಿ ಹಿಂದೆ ಉಳಿದ ನಾವೇ.

ಇದೇ ನೌಕೆ ಇನ್ನೊಂದು ಕೆಲಸ ಮಾಡಿತು. ೧೯೯೦ರ ಫೆಬ್ರವರಿ ೧೪ರಂದು, ಸೇಗನ್ನರ ಒತ್ತಾಯದ ಫಲವಾಗಿ, ಅದು ಸುಮಾರು ೬೦೦ ಕೋಟಿ ಕಿಲೋಮೀಟರ್ ದೂರದಿಂದ ಹಿಂದಿರುಗಿ ನೋಡಿ ನಮ್ಮ ಚಿತ್ರ ತೆಗೆಯಿತು. ಆ ಚಿತ್ರದಲ್ಲಿ ಭೂಮಿ ಒಂದು ಪೂರ್ಣ ಚುಕ್ಕೆಯೂ ಅಲ್ಲ. ಹಿಮಾಲಯವಿಲ್ಲ, ಅರಬ್ಬೀ ಸಮುದ್ರವಿಲ್ಲ, ಬೆಳಗಾವಿಯ ಗಡಿಯಿಲ್ಲ. ತಟ್ಟೆ ನಮ್ಮ ಹಿರಿಮೆಯನ್ನು ಹೇಳುತ್ತದೆ. ಚಿತ್ರ ನಮ್ಮ ಅಳತೆಯನ್ನು ಹೇಳುತ್ತದೆ. ಎರಡೂ ಒಂದೇ ನೌಕೆಯ ಕೃತಿಗಳು. ಒಂದನ್ನು ಬಿಟ್ಟು ಇನ್ನೊಂದನ್ನು ಓದಿದವರ ಓದು ಅಪೂರ್ಣ.

ಅಷ್ಟು ಸಣ್ಣವರಾದರೆ ನಮ್ಮ ಸುಖದುಃಖಕ್ಕೆ ಏನು ಬೆಲೆ ಎಂದು ನಿರಾಶರಾಗುವವರಿದ್ದಾರೆ. ಮುಂಬಯಿಗೆ ಬಂದವರು ಈ ಪ್ರಶ್ನೆಗೆ ಉತ್ತರವನ್ನು ಬಾಳಿ ತಿಳಿದಿದ್ದಾರೆ. ಬೋರಿಬಂದರಿನಲ್ಲಿ ಇಳಿದು ಲಕ್ಷಾಂತರ ಜನರ ನಡುವೆ ತಾನೊಂದು ಚುಕ್ಕೆಯೆಂದು ಅರಿತ ಮನುಷ್ಯ ಅದರಿಂದ ಅಳಿದುಹೋಗಲಿಲ್ಲ. ತನ್ನವರನ್ನು ಹುಡುಕಿದ, ಸಂಘ ಕಟ್ಟಿದ, ಯಕ್ಷಗಾನ ಆಡಿಸಿದ, ಇಂಥ ಪತ್ರಿಕೆಗಳನ್ನು ಹೊರತಂದ. ಸಣ್ಣತನದ ಅರಿವು ಬೇರೆ, ಸಣ್ಣತನ ಬೇರೆ.

ಇದೆಲ್ಲ ಅಮೆರಿಕದವರ ಸಾಹಸ, ನಮ್ಮದೇನು ಎನ್ನುವವರೂ ಉಂಟು. ವಾಯೇಜರಿಗೆ ಎರಡು ವರ್ಷ ಮೊದಲೇ, ೧೯೭೫ರ ಏಪ್ರಿಲ್ ೧೯ರಂದು, ಬೆಂಗಳೂರಿನ ಪೀಣ್ಯದ ಸಾಧಾರಣ ಷೆಡ್ಡುಗಳಲ್ಲಿ ಸಿದ್ಧವಾದ ಆರ್ಯಭಟ ಉಪಗ್ರಹ ಸೋವಿಯತ್ ರಾಕೆಟ್ಟಿನಲ್ಲಿ ಮೇಲೇರಿತ್ತು. ಅದನ್ನು ಕಟ್ಟಿದ ತಂಡದ ನಾಯಕರು ಉಡುಪಿ ಸಮೀಪದ ಅದಮಾರಿನ ಯು. ಆರ್. ರಾವ್. ನಮ್ಮ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ೧೯೪೫ರಲ್ಲಿ ಮೊದಲು ಬೆಂಗಳೂರಿನಲ್ಲೇ ಕಣ್ಣುಬಿಟ್ಟು ಆ ವರ್ಷವೇ ಮುಂಬಯಿಗೆ ವಲಸೆ ಬಂತು, ನಮ್ಮಂತೆಯೇ! ೧೯೭೭ರಲ್ಲಿ ಅದರ ನಿರ್ದೇಶಕರಾಗಿದ್ದವರು ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್. ಅವರೂ ಅವರ ಸಂಗಡಿಗರೂ ಜಪಾನ್, ಇಂಗ್ಲೆಂಡುಗಳ ವಿಜ್ಞಾನಿಗಳೊಡನೆ ಕೋಲಾರದ ಚಿನ್ನದ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಆಳಕ್ಕಿಳಿದು, ವಿಶ್ವಕಿರಣಗಳು ವಾಯುಮಂಡಲದಲ್ಲಿ ಹುಟ್ಟಿಸುವ ನ್ಯೂಟ್ರಿನೋ ಕಣಗಳ ಗುರುತನ್ನು ೧೯೬೫ರಲ್ಲಿ ಹಿಡಿದರು. ಆಕಾಶವನ್ನು ತಿಳಿಯಲು ಪಾತಾಳಕ್ಕಿಳಿದ ಈ ಕತೆ ಕನ್ನಡ ನೆಲದ್ದು. ನಮ್ಮ ಎಷ್ಟು ಮಕ್ಕಳಿಗೆ ಇದನ್ನು ಕನ್ನಡದಲ್ಲಿ ಹೇಳಿದ್ದೇವೆ?

ನಮ್ಮ ಮುಖ್ಯ ಆಕ್ಷೇಪ ಇರುವುದು ಇಲ್ಲಿಯೇ. ಅದು ತಟ್ಟೆಯ ಮೇಲಲ್ಲ, ಅದನ್ನು ಓದುವ ನಮ್ಮ ಮೇಲೆ. ವರಳಿಯ ನೆಹರೂ ತಾರಾಲಯ ೧೯೭೭ರ ಮಾರ್ಚ್ ೩ರಂದು ತೆರೆಯಿತು. ಅಲ್ಲಿನ ಪ್ರದರ್ಶನಗಳು ಇಂಗ್ಲಿಷ್, ಹಿಂದಿ, ಮರಾಠಿಗಳಲ್ಲಿ ನಡೆದುಬಂದವು. ಅದು ಸಹಜವೇ, ಕನ್ನಡದಲ್ಲಿ ಹೇಳುವ ಹೊಣೆ ತಾರಾಲಯದ್ದಲ್ಲ, ಪಕ್ಕದ ಕುರ್ಚಿಯಲ್ಲಿ ಕುಳಿತ ತಾಯಿತಂದೆಯರದು. ಆ ಹೊಣೆಗೆ ಬೇಕಾದ ಪದಗಳು ನಮ್ಮಲ್ಲಿ ಹೇರಳವಾಗಿವೆ. ಸಪ್ತರ್ಷಿಮಂಡಲ, ಧ್ರುವ, ಕೃತ್ತಿಕೆ, ರೋಹಿಣಿ ಇವು ಪಂಚಾಂಗದ ಪದಗಳಷ್ಟೇ ಅಲ್ಲ. ಮೃಗಶಿರಾ ಮಳೆ, ಆರಿದ್ರಾ ಮಳೆ ಎಂದು ಮಳೆಗೂ ನಕ್ಷತ್ರದ ಹೆಸರಿಟ್ಟು ಬೇಸಾಯ ಮಾಡಿದ ಜನ ನಾವು. ಆರ್. ಎಲ್. ನರಸಿಂಹಯ್ಯ, ಜಿ. ಟಿ. ನಾರಾಯಣ ರಾವ್ ಅಂಥವರು ಹೊಸ ಖಗೋಲ ವಿಜ್ಞಾನವನ್ನೂ ತಿಳಿಗನ್ನಡದಲ್ಲಿ ಬರೆದು ತೋರಿಸಿದ್ದಾರೆ. ಹೀಗಿದ್ದೂ ೨೦೨೩ರ ಆಗಸ್ಟ್ ೨೩ರ ಸಂಜೆ ಚಂದ್ರಯಾನ ೩ ಚಂದ್ರನ ದಕ್ಷಿಣ ಧ್ರುವದ ಕಡೆಯ ನೆಲಕ್ಕಿಳಿದಾಗ, ಬೆಂಗಳೂರಿನಿಂದಲೇ ಬಂದ ಆ ಸುದ್ದಿಯನ್ನು ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳು ಕೇಳಿದ್ದೂ, ತಾಯಿತಂದೆಯರು ವಿವರಿಸಿದ್ದೂ ಇಂಗ್ಲಿಷಿನಲ್ಲೇ. ಬೆರಗಿಗೆ ಮಾತೃಭಾಷೆಯ ಬಾಯಿ ಇಲ್ಲದಿದ್ದರೆ ಮನೆಯಲ್ಲಿ ಆ ಭಾಷೆ ತರಕಾರಿಯ ಲೆಕ್ಕಕ್ಕೂ ಗದರಿಕೆಗೂ ಮಾತ್ರ ಉಳಿಯುತ್ತದೆ.

ಆ ತಟ್ಟೆಯಲ್ಲಿ ಕನ್ನಡ ನೂರು ಕೋಟಿ ವರ್ಷ ಉಳಿಯಬಹುದು. ಆದರೆ ಅದು ಕೆಲವೇ ಸೆಕೆಂಡುಗಳ ಕನ್ನಡ. ಉತ್ತರ ಬಂದರೆ ಮರುಮಾತಾಡಲು ಅದಕ್ಕೆ ಬಾರದು. ಕನ್ನಡಿಗರ ಪರವಾಗಿ ಯಾರೋ ಒಬ್ಬರು ನಕ್ಷತ್ರಗಳಿಗೆ ವಂದನೆ ಹೇಳಿ ಆಗಿದೆ. ಸಂಭಾಷಣೆಯನ್ನು ಮುಂದುವರಿಸುವ ಕೆಲಸ ಉಳಿದಿದೆ. ಮಳೆಗಾಲ ಕಳೆದು ಆಕಾಶ ತಿಳಿಯಾದ ಒಂದು ರಾತ್ರಿ, ನಗರದ ದೀಪಗಳ ನಡುವೆಯೂ ಕಾಣುವ ನಾಲ್ಕು ನಕ್ಷತ್ರಗಳನ್ನು ತೋರಿಸಿ, ಅವುಗಳ ಹೆಸರನ್ನು ಕನ್ನಡದಲ್ಲಿ ಮಕ್ಕಳಿಗೆ ಹೇಳುವುದರಿಂದ ಅದನ್ನು ಪ್ರಾರಂಭಿಸಬಹುದು.